ಹಗ್ಗ ಹಿಡಿದವರು ಮಾತಾಡಬಾರದು

ನನ್ನ ಕಾಲಿಗೆ ಮುಳ್ಳು ಚುಚ್ಚಿದರೆ ನನ್ನ ಗಂಡ ಕುಂಟುತ್ತಿದ್ದ. ಇದನ್ನು ಪ್ರೀತಿಯ ಮಾತು ಎಂದು ತಿಳಿಯಬೇಡಿ. ಬರೀ ತಂತಿ, ಚಿಪ್ ಮತ್ತು ರೇಡಿಯೋ ಅಲೆಗಳ ಕೆಲಸ. ನಾನು ಅಡುಗೆಮನೆಯ ಹೊಸ್ತಿಲು ಎಡವಿದರೆ, ಬಸ್ ನಿಲ್ದಾಣದ ಎದುರಿನ ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತ ಕೂತ ಪರಸು "ಯವ್ವಾ" ಎಂದು ತನ್ನ ಹೆಬ್ಬೆರಳು ಹಿಡಿದುಕೊಳ್ಳುತ್ತಿದ್ದ. ನನಗೆ ಎಡವಿದ್ದೂ ಗೊತ್ತಾಗುತ್ತಿರಲಿಲ್ಲ. ನಾನು ನನ್ನ ಪಾಡಿಗೆ ರೊಟ್ಟಿ ಬಡಿಯುತ್ತ ನಿಂತಿರುತ್ತಿದ್ದೆ.

ನನ್ನ ಹೆಸರು ಶಾಕಂಬರಿ. ಊರು ಬಾದಾಮಿ. ಜನ ಇಲ್ಲಿಗೆ ಗುಹೆ ನೋಡಲು ಬಂದು, ಮಂಗಗಳಿಗೆ ಚಿಪ್ಸ್ ಪೊಟ್ಟಣ ಕಳೆದುಕೊಂಡು, ಬೈಯುತ್ತ ವಾಪಸ್ ಹೋಗುತ್ತಾರೆ. ಇನ್ನು ಕೆಲವರು ಕೆಂಪು ಕಲ್ಲಿನ ಗೋಡೆಗಳನ್ನು ಹತ್ತಲು ಬರುತ್ತಾರೆ. ಅವರಿಗೆ ಹತ್ತುವುದನ್ನು ಕಲಿಸುವುದು ನನ್ನ ಕೆಲಸವಾಗಿತ್ತು. ಕೆಲಸ ಎಂದರೆ ಸುಳ್ಳಾದೀತು, ಅದು ನನ್ನ ಹುಚ್ಚು. ಕೆಳಗೆ ನಿಂತು ನನ್ನ ಹಗ್ಗ ಹಿಡಿಯುವವನು ಪರಸು.

ನಮ್ಮಿಬ್ಬರಿಗೂ ಕಲಿಸಿದ ಮಾಸ್ತರರು ಒಂದು ಪದ್ಧತಿ ಹಾಕಿಕೊಟ್ಟಿದ್ದರು. ಹಗ್ಗ ಹಿಡಿದವರು ಮಾತಾಡಬಾರದು. ಮೇಲಿದ್ದವರು ಕೂಗಿದರೆ "ಹಿಡದೀನಿ" ಎನ್ನಬೇಕು, ಅಷ್ಟೆ. ಕೆಳಗೆ ಬಿಸಿಲಿರಲಿ, ಇರುವೆ ಹತ್ತಲಿ, ಎದೆ ಡವಡವ ಎನ್ನುತ್ತಿರಲಿ, ಅದೇನೂ ಹಗ್ಗದಗುಂಟ ಮೇಲೆ ಹೋಗಬಾರದು. ಕೆಳಗಿನವರ ಹೆದರಿಕೆ ಮೇಲಿನವರ ಕೈಯನ್ನು ನಡುಗಿಸುತ್ತದೆ ಎಂದು ಅವರು ಹೇಳುತ್ತಿದ್ದರು. ನಾವು ಅದನ್ನು ಮಂತ್ರದಂತೆ ಕಲಿತೆವು.

ಒಮ್ಮೆ ನಾನು ಗೋಡೆಯ ಮಧ್ಯದಲ್ಲಿದ್ದಾಗ ಹೆಜ್ಜೇನು ಎದ್ದು ಕೆಳಗೆ ನಿಂತ ಪರಸುವಿನ ಮುಖ ಮುತ್ತಿದವು. ಅವನು ಹಗ್ಗ ಬಿಡಲಿಲ್ಲ, ಕೈ ಎತ್ತಿ ಹುಳ ಓಡಿಸಲೂ ಇಲ್ಲ. ನಾನು ಮೇಲಿಂದ ಕೂಗಿದಾಗಲೆಲ್ಲ "ಹಿಡದೀನಿ" ಎಂದ, ಯಾವತ್ತಿನ ದನಿಯಲ್ಲೇ. ಇಳಿದು ಬಂದು ನೋಡಿದರೆ ಅವನ ಮುಖ ಬಾತು ಕುಂಬಳಕಾಯಿ ಆಗಿತ್ತು, ಕಣ್ಣೇ ಕಾಣುತ್ತಿರಲಿಲ್ಲ. ಮದುವೆಯಾದರೆ ಇವನನ್ನೇ ಎಂದು ನಾನು ನಿಶ್ಚಯ ಮಾಡಿದ್ದು ಆಗ. ಆ ನಿಶ್ಚಯವನ್ನು ಈಗ ನೆನೆದರೆ ಮೈಯೆಲ್ಲ ಉರಿಯುತ್ತದೆ.

ಮದುವೆಯಾದ ಮೇಲೆ ಒಂದು ಒಪ್ಪಂದವಾಯಿತು. ಮನೆಯಲ್ಲಿ ಅತ್ತೆಯ ಎದುರು ನಾನು "ರೀ" ಎನ್ನುವುದು, ಕಲ್ಲಿನ ಹತ್ತಿರ ಹೋದರೆ "ನೀ". ಅತ್ತೆಗೆ ಇದು ಗೊತ್ತಿತ್ತು. "ಕಲ್ಲಿನ ಮುಂದ ಗಂಡಗ ಮರ್ಯಾದಿ ಇಲ್ಲ, ನನ್ನ ಮುಂದ ಮಾತ್ರ ನಾಟಕ" ಎಂದು ನಗುತ್ತಿದ್ದರು.

ಊರ ಹಿಂದಿನ ಗೋಡೆಯೊಂದಕ್ಕೆ ನಾವು ಹದ್ದಿನ ಗೋಡೆ ಎನ್ನುತ್ತೇವೆ. ಅದರ ಅರ್ಧದಲ್ಲಿ ನಾನು ಜಾರಿದೆ. ಜಾರುವುದು ದಿನದ ಮಾತು, ಕಲ್ಲಿಗೆ ಹೊಡೆದ ಮೊಳೆ ಮತ್ತು ಪರಸುವಿನ ಕೈ ತಡೆಯುತ್ತವೆ. ಅವತ್ತು ಕಲ್ಲೇ ಒಡೆದು ಮೊಳೆ ಕಿತ್ತು ಬಂತು. ಪರಸು ಹಗ್ಗ ಎಳೆದುಕೊಂಡು ಹಿಂದಕ್ಕೆ ಓಡಿದ, ಅಂಗೈ ಚರ್ಮ ಸುಲಿದುಹೋಯಿತು. ಅದರಿಂದ ನನ್ನ ತಲೆ ಉಳಿಯಿತು. ಬೆನ್ನುಮೂಳೆ ಬಂಡೆಯ ಅಂಚಿಗೆ ಬಡಿದು ಸೊಂಟದ ಕೆಳಗಿನದೆಲ್ಲ ಸತ್ತುಹೋಯಿತು.

ಆಮೇಲಿನ ವರ್ಷಗಳನ್ನು ಎಳೆದು ಹೇಳುವುದಿಲ್ಲ. ಗಾಲಿಕುರ್ಚಿ, ಟಿವಿ, ಬಂದವರ "ಪಾಪ". ಆ "ಪಾಪ"ವನ್ನು ಕೇಳಿ ಕೇಳಿ ಒಬ್ಬಿಬ್ಬರ ಮೇಲೆ ಚಹಾದ ಬಸಿ ಎಸೆದದ್ದೂ ಉಂಟು. ಪರಸು ಚೂರುಗಳನ್ನು ಬಳಿಯುತ್ತಿದ್ದ. ರಾತ್ರಿ ನಿದ್ದೆಯಲ್ಲಿ ಅವನ ಮುಷ್ಟಿ ಬಿಗಿಯುತ್ತಿತ್ತು.

ಧಾರವಾಡದ ಹೊರಗಿನ ಒಂದು ಪ್ರಯೋಗಾಲಯದಲ್ಲಿ ಬೆನ್ನುಹುರಿಗೆ ಸೇತುವೆ ಕಟ್ಟುತ್ತಾರೆ ಎಂಬ ಸುದ್ದಿ ತಂದವನೂ ಅವನೇ. ಅಲ್ಲಿ ಡಾಕ್ಟರ್ ಇಂದುಮತಿ ಸವಣೂರ ಎಂಬವರು ನಮ್ಮನ್ನು ಕೂರಿಸಿಕೊಂಡು ತಾವೇ ಚಹಾ ಸೋಸಿಕೊಟ್ಟು ವಿವರಿಸಿದರು.

"ನೋಡ್ರಿ, ಮಿದುಳು ಹೇಳಿದ್ದನ್ನ ಕಾಲಿಗೆ ಮುಟ್ಟಸೂದು ಈಗ ದೊಡ್ಡ ಮಾತಲ್ಲ. ತಲಿಯೊಳಗ ಒಂದು ಚಿಪ್, ಬೆನ್ನಿನ ಕೆಳಗೊಂದು ತಂತಿ, ನಡುವ ರೇಡಿಯೋ. ಆದ್ರ ಕಾಲು ತಿರುಗಿ ಏನಂತು ಅಂತ ಗೊತ್ತಾಗಬೇಕಲ್ರಿ? ನೆಲ ಇಳಿಜಾರದನೋ, ಹಿಮ್ಮಡಿ ಜಾರ್ತದನೋ. ಆ ಸುದ್ದಿ ಮಿದುಳಿಗೆ ಹೋಗೂ ಮೊದಲ ಬೆನ್ನುಹುರಿ ತಾನ ಲೆಕ್ಕಾ ಹಾಕಿ ಕಾಲು ಸರಿಮಾಡ್ತದ. ಅಷ್ಟು ಚುರುಕು ಲೆಕ್ಕಾ ಹಾಕೂ ಯಂತ್ರ ನಮ್ಮ ಹಂತ್ಯಾಕ ಇಲ್ಲ. ಮನುಷ್ಯಾರದ ಬೆನ್ನುಹುರಿನ ಬೇಕು."

"ಯಾರದು?" ಎಂದೆ.

ಅವರು ಪರಸುವಿನ ಕಡೆ ನೋಡಿದರು.

ನನ್ನ ಮಂಡಿಯ ಹಿಂದೆ ನರಕ್ಕೆ ಒಂದು ಪಟ್ಟಿ ಸುತ್ತುತ್ತಾರೆ. ಕಾಲಿನ ಸುದ್ದಿಯೆಲ್ಲ ಅದರಿಂದ ಹೊರಟು ಪರಸುವಿನ ಮಂಡಿಯ ಹಿಂದಿನ ಪಟ್ಟಿಗೆ ಹೋಗುತ್ತದೆ. ಅವನ ಬೆನ್ನುಹುರಿ ಅದು ತನ್ನದೇ ಕಾಲು ಎಂದು ತಿಳಿದು ಸಮತೋಲನದ ಆಜ್ಞೆ ಕೊಡುತ್ತದೆ, ಆ ಆಜ್ಞೆ ನನ್ನ ಕಾಲಿಗೆ ಬರುತ್ತದೆ. ಇಚ್ಛೆ ನನ್ನದು, ನಡೆ ನನ್ನದು, ಅನುಭವ ಅವನದು. ಜೊತೆಗಾರ ಎಂದು ಅವನಿಗೆ ಹೆಸರು.

"ಒಂದು ಮಾತು" ಎಂದು ಡಾಕ್ಟರು ಗಂಭೀರವಾದರು. "ಆಕಿ ಕಾಲಿಗೆ ಏನರ ಪೆಟ್ಟಾದ್ರ ಆಕಿಗೆ ತಿಳಿಯೂದಿಲ್ಲ, ನಿಮಗ ತಿಳೀತದ. ನಮ್ಮ ತೆರೀಮ್ಯಾಲೆ ಅಲೆ ಕಾಣ್ತದ ಖರೆ, ಆದ್ರ ಅದು ಬರೇ ಒತ್ತಡನೋ ನೋವೋ ಅಂತ ತೆರೀಗೆ ಗೊತ್ತಾಗೂದಿಲ್ಲ. ನೀವು ಬಾಯಿಬಿಟ್ಟು ಹೇಳಬೇಕು."

"ಹೇಳ್ತೀನ್ರಿ" ಎಂದ ಪರಸು. ಹೇಳುವುದರಲ್ಲಿ ಅವನೆಷ್ಟು ಶೂರ ಎಂದು ಆ ಡಾಕ್ಟರಿಗೆ ಏನು ಗೊತ್ತು.

ನಡೆಯಲು ಕಲಿತದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ಮೊಬೈಲ್ ಸಿಗ್ನಲ್ ಇದ್ದಲ್ಲೆಲ್ಲ ಸೇತುವೆ ಕೆಲಸ ಮಾಡುತ್ತಿತ್ತು, ಇಲ್ಲದಲ್ಲಿ ಇಲ್ಲ. ಒಮ್ಮೆ ಸೋಮವಾರದ ಸಂತೆಯಲ್ಲಿ ಸಿಗ್ನಲ್ ಹೋಗಿ ನಾನು ಬದನೆಕಾಯಿ ರಾಶಿಯ ಪಕ್ಕದಲ್ಲೇ ಕುಸಿದು ಕೂತೆ. ಏಳಲಾಗದೆ ಬೇಕಿಲ್ಲದಿದ್ದರೂ ಬದನೆಕಾಯಿ ಆರಿಸುತ್ತ ಚೌಕಾಸಿ ಮಾಡಿದೆ. ಮನೆಯಲ್ಲಿ ನನ್ನ ಸ್ನಾನದ ನೀರು ಹದವಾಗಿದೆಯೇ ಎಂದು ಹೊರಗೆ ಕೂತ ಪರಸುವನ್ನು ಕೂಗಿ ಕೇಳಬೇಕಿತ್ತು. ಅತ್ತೆಗಂತೂ ಇದೆಲ್ಲ ಸಿನಿಮಾ.

"ಆಕಿ ಮಂಚದ ಕಾಲಿಗೆ ಒದ್ರ ಇಂವ ಯಾಕ ಕುಣೀತಾನ?" ಎಂದು ನೆರೆಯವರಿಗೆ ತೋರಿಸುತ್ತಿದ್ದರು. "ನಮ್ಮ ಕಾಲದಾಗ ಗಂಡಸರಿಗೆ ಹಿಂಗ ಒಂದು ಯಂತ್ರ ಹಾಕಿದ್ರ, ಹಡಿಯೂ ನೋವು ಏನಂತ ತಿಳೀತಿತ್ತು."

ಎದ್ದು ನಿಂತವಳು ಸುಮ್ಮನಿರುವವಳಲ್ಲ. ಮೊದಲು ಕೆರೆಯ ಹಿಂದಿನ ಸಣ್ಣ ಬಂಡೆಗಳು, ಆಮೇಲೆ ದೊಡ್ಡವು. ಕಲ್ಲಿನ ಸಣ್ಣ ಅಂಚಿನ ಮೇಲೆ ನನ್ನ ಹೆಬ್ಬೆರಳು ಕೂತಾಗ ಅದು ಗಟ್ಟಿಯಾಗಿ ಕೂತಿತೋ ಇಲ್ಲವೋ ನನಗೆ ಗೊತ್ತಿಲ್ಲ. ಕೆಳಗೆ ಹಗ್ಗ ಹಿಡಿದ ಪರಸುವಿಗೆ ಗೊತ್ತು. ಅವನ ಬೆನ್ನುಹುರಿ ನನ್ನ ಪಾದವನ್ನು ಕೂದಲೆಳೆಯಷ್ಟು ಹೊರಳಿಸಿ ಸರಿ ಮಾಡುತ್ತಿತ್ತು. ನಾನು ಮತ್ತೆ ಗಾಳಿಯಲ್ಲಿದ್ದೆ. ಕಲ್ಲಿನ ಬಿಸಿ ಕೆನ್ನೆಗೆ ತಾಗುತ್ತಿತ್ತು. ನಾನು ಬದುಕಿದ್ದೇನೆ ಎಂದು ನನಗೆ ಮತ್ತೆ ಅನಿಸಿದ್ದು ಅಲ್ಲಿ, ಆಸ್ಪತ್ರೆಯಲ್ಲಲ್ಲ. ಹದ್ದಿನ ಗೋಡೆಯ ತುದಿ ಮುಟ್ಟಬೇಕು ಎಂದು ನಾನು ಹಟ ಹಿಡಿದಾಗ ಪರಸು ನನಗಿಂತ ಹೆಚ್ಚು ಕುಣಿದ.

ತಯಾರಿ ನಡೆದಿದ್ದಾಗ ನನ್ನ ಬಲಗಾಲಿನ ಪಾದದ ಕೀಲು ಸ್ವಲ್ಪ ದಪ್ಪಗಾಯಿತು. ಕಲ್ಲು ಹತ್ತುವ ಬೂಟು ಭಾರಿ ಬಿಗಿ, ಅದರ ಕೆಲಸ ಇರಬೇಕು ಎಂದುಕೊಂಡೆ. ಆದರೂ ಪರಸುವನ್ನು ಕೇಳಿದೆ.

"ಇದು ನೋಯ್ತೈತೇನ್ರಿ?"

ಅವನು ಅತ್ತೆಯ ತಟ್ಟೆಗೆ ಪಲ್ಯ ಬಡಿಸುತ್ತಿದ್ದ. ತಲೆ ಎತ್ತಲಿಲ್ಲ. "ಸ್ವಲ್ಪ ಬಿಗಿ ಆಗೈತಿ, ಅಷ್ಟ. ಎಣ್ಣಿ ಹಚ್ಚೋಣು."

ಅತ್ತೆ ಮಗನನ್ನು ನೋಡಿದರು, ನನ್ನನ್ನು ನೋಡಿದರು. "ಆಕಿ ಸುಮ್ನ ಕುಂತಾಗೂ ನೀ ಯಾಕ ಕುಂಟ್ತೀಯೋ?"

"ಅಂಗಡ್ಯಾಗ ಸೈಕಲ್ ಬಿತ್ತವ್ವ ಕಾಲಮ್ಯಾಲ."

ಅಂಗಡಿಯಲ್ಲಿ ದಿನಕ್ಕೊಂದು ಸೈಕಲ್ ಬೀಳುತ್ತದೆ. ನಾವಿಬ್ಬರೂ ನಂಬಿದೆವು. ಧಾರವಾಡದ ತಪಾಸಣೆಯಲ್ಲೂ ಡಾಕ್ಟರು ಅದನ್ನೇ ಕೇಳಿದರು, ಅವನು "ನೋವೇನಿಲ್ರಿ" ಎಂದ. ಅವರೂ ನಂಬಿದರು. ಅಷ್ಟು ಸಮಾಧಾನದಿಂದ ಸುಳ್ಳು ಹೇಳುವವನನ್ನು ನಂಬದಿರುವುದು ಹೇಗೆ?

ಹದ್ದಿನ ಗೋಡೆಯನ್ನು ನಾನು ಬೆಳಗಿನ ನೆರಳಿರುವಾಗಲೇ ಹತ್ತಲು ಶುರುಮಾಡಿದೆ. ಆ ಹೊತ್ತಿಗೆ ಧಾರವಾಡದ ಪ್ರಯೋಗಾಲಯದಲ್ಲಿ ಡಾಕ್ಟರ್ ಇಂದುಮತಿ ತೆರೆಯ ಮುಂದೆ ಕೂತಿದ್ದರು. ಅಲ್ಲೇನಾಯಿತು ಎಂಬುದನ್ನು ಅವರು ನನಗೆ ಆಮೇಲೆ ಹೇಳಿದರು, ಅದನ್ನು ಇಲ್ಲೇ ಸೇರಿಸುತ್ತೇನೆ.

ನಾನು ಮೊದಲಿನ ಮೂಲೆ ದಾಟಿದೆ. ಬೆರಳುಗಳು ಸೀಳುಗಳಲ್ಲಿ ಸರಿಯಾಗಿ ಕೂರುತ್ತಿದ್ದವು. ಧಾರವಾಡದಲ್ಲಿ ಬಲಗಾಲಿನ ಅಲೆ ಏರತೊಡಗಿತು.

ನಾನು ಹಿಂದೆ ಬಿದ್ದ ಜಾಗಕ್ಕೆ ಬಂದೆ. ಒಡೆದ ಕಲ್ಲಿನ ಗುರುತು ಹಾಗೇ ಇತ್ತು. ಅದಕ್ಕೆ ಕೈಯಿಂದ ಒಂದೇಟು ಹೊಡೆದು, ಬಲಗಾಲಿನ ಮೇಲೆ ಇಡೀ ಭಾರ ಹಾಕಿ ಮೇಲೆದ್ದೆ. ಧಾರವಾಡದಲ್ಲಿ ಅಲೆ ತೆರೆಯ ಅಂಚನ್ನು ಮುಟ್ಟಿ ಅಲ್ಲೇ ನಿಂತುಬಿಟ್ಟಿತು. ಡಾಕ್ಟರು ಗಾಬರಿಯಾಗಿ, ಕಿವಿಗೆ ಸಾಧನ ಹಾಕಿಕೊಂಡು ನಿಂತ ಪರಸುವಿಗೆ ಫೋನ್ ಹಚ್ಚಿದರು.

"ಪರಸಪ್ಪ, ಬಲಗಾಲಿಗೆ ಏನಾಗೇದ? ನಿಲ್ಲಸ್ರಿ ಆಕಿನ್ನ!"

"ಆಕಿ ಮ್ಯಾಲ ಅದಾಳ್ರಿ. ಈಗ ಮಾತಾಡಾಕ ಬರೂದಿಲ್ಲ" ಎಂದು ಅವನು ಫೋನ್ ಕಟ್ ಮಾಡಿದನಂತೆ.

ಧಾರವಾಡದಿಂದಲೇ ಸೇತುವೆ ಬಂದ್ ಮಾಡುವ ಗುಂಡಿ ಇತ್ತು. ಒತ್ತಿದ್ದರೆ ಗೋಡೆಯ ನಡುವೆ ನನ್ನ ಎರಡೂ ಕಾಲು ಸಾಯುತ್ತಿದ್ದವು. ಅವರು ಬೆರಳನ್ನು ಗುಂಡಿಯ ಮೇಲಿಟ್ಟುಕೊಂಡು ಕೂತರಂತೆ, ಒತ್ತಲು ಧೈರ್ಯ ಬರಲಿಲ್ಲವಂತೆ.

ಮೇಲಿನ ಕಷ್ಟದ ಜಾಗದಲ್ಲಿ ನಾನು ಕೂಗಿದೆ, "ಪರಸೂ, ಹಿಡದಿಯಿಲ್ಲೋ?"

"ಹಿಡದೀನಿ!"

ಅದೇ ದನಿ, ಹೆಜ್ಜೇನು ಕಡಿದಾಗ ಇದ್ದ ದನಿ. ನಾನು ಹತ್ತಿದೆ. ತುದಿ ಮುಟ್ಟಿ ಹುಲ್ಲಿನ ಮೇಲೆ ಬೋರಲು ಬಿದ್ದು ನಕ್ಕೆ. ಕೆರೆ, ಊರು, ಬಸ್ ನಿಲ್ದಾಣ, ಎಲ್ಲ ಅಂಗೈಯಲ್ಲಿ ಇಟ್ಟಂತಿದ್ದವು. ಕಳೆದುಹೋದದ್ದೆಲ್ಲ ಸಿಕ್ಕಿತು ಎಂದು ಜೋರಾಗಿ ಅತ್ತುಬಿಟ್ಟೆ. ನನ್ನ ಜೀವನದಲ್ಲಿ ಅಷ್ಟು ಸುಖಪಟ್ಟದ್ದು ಇನ್ನೊಂದಿಲ್ಲ.

ಪರಸು ನನ್ನನ್ನು ನಿಧಾನವಾಗಿ ಇಳಿಸಿದ, ಒಮ್ಮೆಯೂ ಜಗ್ಗಲಿಲ್ಲ. ನನ್ನ ಬೆನ್ನು ನೆಲ ಮುಟ್ಟುವಂತೆ ಮಲಗಿಸಿ, ಹಗ್ಗದ ಗಂಟು ಬಿಚ್ಚಿ, ಸುರುಳಿ ಸುತ್ತಿ ಪಕ್ಕಕ್ಕಿಟ್ಟ. ಅದಾದ ಮೇಲೆ ಕಡಿದ ಬಾಳೆಯ ಹಾಗೆ ಬಿದ್ದ. ಕೆಳತುಟಿಯನ್ನು ಹಲ್ಲಿನಿಂದ ಕಚ್ಚಿ ಆರುಪಾರು ತೂತು ಮಾಡಿಕೊಂಡಿದ್ದ, ಅಂಗಿಯ ಮುಂಭಾಗವೆಲ್ಲ ರಕ್ತ. ಎರಡೂ ಕೈಯಿಂದ ತನ್ನ ಬಲಗಾಲಿನ ಕೀಲು ಹಿಡಿದಿದ್ದ. ನಾನು ಅವನ ಬೂಟು ಬಿಚ್ಚಿ ನೋಡಿದೆ. ಕಾಲಿಗೆ ಏನೂ ಆಗಿರಲಿಲ್ಲ. ಆಮೇಲೆ ನನ್ನ ಕಾಲು ನೋಡಿಕೊಂಡೆ. ಬಲಪಾದ ಪಕ್ಕಕ್ಕೆ ಹೊರಳಿ, ಬೇರೆ ಯಾರದೋ ಕಾಲಿನಂತೆ ಬಿದ್ದಿತ್ತು.

"ನೋವು ತಿಳೀಲಾರದ ಕೀಲು ತನ್ನನ್ನ ತಾನ ಪುಡಿ ಮಾಡ್ಕೋತದ" ಎಂದು ಡಾಕ್ಟರ್ ಇಂದುಮತಿ ಎಕ್ಸ್‌ರೇ ಎತ್ತಿ ಹಿಡಿದು ಹೇಳಿದರು. "ಮೊದಲು ಸಣ್ಣ ಬಿರುಕು. ಅದರ ಮ್ಯಾಲೆ ತುಳದು ತುಳದು ಎಲುಬು ಹಿಟ್ಟಾಗೇದ. ಭಾಳ ದಿವಸದ್ದು ಇದು. ಬಿರುಕು ಇದ್ದಾಗ ಹೇಳಿದ್ರ ಪ್ಲಾಸ್ಟರ್ ಹಾಕಿದ್ರ ಮುಗೀತಿತ್ತು."

ಬಲಗಾಲನ್ನು ಮಂಡಿಯ ಕೆಳಗೆ ತೆಗೆದರು. ತೆಗೆಯುವ ಮುಂಚೆ ಸೇತುವೆ ಬಂದ್ ಮಾಡಿದ್ದರು. ಶಸ್ತ್ರಚಿಕಿತ್ಸೆಯ ಯಾವ ಸುದ್ದಿಯೂ ಪರಸುವಿಗೆ ಮುಟ್ಟಲಿಲ್ಲ. ಆದರೂ ಹೊರಗಿನ ಬೆಂಚಿನ ಮೇಲೆ ಅವನು ಕಾಲು ಹಿಡಿದುಕೊಂಡೇ ಕೂತಿದ್ದ. ನನ್ನ ಗಾಯ ಮಾಯ್ದ ಮೇಲೂ ಹಿಡಿದುಕೊಂಡೇ ಇದ್ದ. ಇಷ್ಟು ದಿನ ನೋವು ಬಂದ ದಾರಿಯನ್ನು ಅವನ ನರಗಳು ಬಾಯಿಪಾಠ ಮಾಡಿಕೊಂಡಿದ್ದವು. ಈಗ ಕಳಿಸುವ ಕಾಲೇ ಇಲ್ಲ, ನೋವು ಮಾತ್ರ ಬರುತ್ತಲೇ ಇತ್ತು. ಕಾಲು ನನ್ನದು ಹೋಯಿತು, ಅದರ ನೋವು ಅವನಲ್ಲಿ ಉಳಿಯಿತು.

ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡರು. ಈ ಸಲ ಚಹಾ ಬರಲಿಲ್ಲ.

"ಎರಡು ದಾರಿ ಅವ. ಕೃತಕ ಕಾಲು ಹಾಕಿ ಸೇತುವೆ ಮತ್ತ ಚಾಲೂ ಮಾಡಬಹುದು, ಶಾಕಂಬರಿ ನಡೀತಾರ. ಕಾಲಾಂತರಕ್ಕ ಕಲ್ಲೂ ಹತ್ತಬಹುದು. ಆದ್ರ ಪರಸಪ್ಪನ ನೋವು ಕಾಯಂ ಆಗಿಬಿಡ್ತದ. ಬಂದ್ ಇಟ್ರ ಆ ನೋವು ಇಳೀಬಹುದು, ಇಳೀಲಿಕ್ಕೂ ಇಲ್ಲ."

"ಚಾಲೂ ಮಾಡ್ರಿ" ಎಂದ ಪರಸು ತಕ್ಷಣ.

ನನಗೆ ನಡೆಯಬೇಕಿತ್ತು. ಸುಳ್ಳು ಹೇಳಿ ದೊಡ್ಡವಳಾಗುವುದಿಲ್ಲ. ಹದ್ದಿನ ಗೋಡೆಯ ತುದಿಯ ಹುಲ್ಲು ಇನ್ನೂ ನನ್ನ ಕೆನ್ನೆಗೆ ಚುಚ್ಚುತ್ತಿತ್ತು, ಅದಕ್ಕಾಗಿ ನಾನು ಏನನ್ನಾದರೂ ಕೊಡುತ್ತಿದ್ದೆ. ನಾನು ಅವನ ಕಡೆ ತಿರುಗಿದೆ.

"ಈಗ ಎಷ್ಟು ನೋಯಾಕತ್ತೈತಿ? ಖರೇ ಹೇಳು."

ಅವನ ಹಣೆಯ ಮೇಲೆ ಬೆವರಿನ ಸಾಲು. ಹೊಲಿಗೆ ಹಾಕಿದ ತುಟಿಯಲ್ಲೇ ನಕ್ಕ. "ಅಷ್ಟೇನಿಲ್ಲ ಬಿಡು."

ನನ್ನ ಒಳಗೆ ಏನೋ ಕಳಚಿಬಿತ್ತು. "ಬಂದ್ ಇಡ್ರಿ ಡಾಕ್ಟರ" ಎಂದೆ. "ಕಿತ್ತ ತಗೀರಿ ಅವನ್ನ. ಚಿಪ್, ಪಟ್ಟಿ, ಎಲ್ಲಾ."

"ಶಾಕೀ! ನಾ ತಡಕೋತೀನಿ. ನಿನ್ನಾಣಿ ತಡಕೋತೀನಿ."

"ತಡಕೋ ಅಂತ ನಿನಗ ಯಾರು ಹೇಳಿದ್ರು?" ನಾನು ಆ ಕೋಣೆ ಹಾರಿಹೋಗುವಂತೆ ಕಿರುಚಿದೆ. "ಅದು ನನ್ನ ನೋವು! ನನ್ನ ಕಾಲು ನನಗ ಕಳಿಸಿದ್ದ ಸುದ್ದಿ ಅದು, ಅದೊಂದ ಇತ್ತು ನನಗ. ನಿನ್ನ ಕಡೆ ಕೊಟ್ಟಿದ್ದು ಹೇಳಾಕ, ಬಚ್ಚಿಟ್ಟುಕೊಳ್ಳಾಕಲ್ಲ."

"ನೀ ಮ್ಯಾಲ ಇದ್ದಿ" ಎಂದ ಅವನು. ಅವನಿಗೆ ಅಷ್ಟೇ ಗೊತ್ತಿತ್ತು. "ಮ್ಯಾಲ ಇದ್ದವರಿಗೆ ಹೆಂಗ ಹೇಳ್ಲಿ?"

ಮನೆಯಲ್ಲಿ, ಊಟದ ಹೊತ್ತಿನಲ್ಲಿ, ಧಾರವಾಡದ ಬಸ್ಸಿನಲ್ಲಿ, ಅವನ ಪಾಲಿಗೆ ನಾನು ಯಾವಾಗಲೂ ಮೇಲೆಯೇ ಇದ್ದೆ. ನಾನು ಬಿದ್ದ ದಿನದಿಂದ ಅವನು ಹಗ್ಗವನ್ನು ಕೆಳಗಿಟ್ಟಿರಲೇ ಇಲ್ಲ. ಇದು ಹೊಳೆದಾಗ ನನ್ನ ಸಿಟ್ಟು ಕಡಿಮೆಯಾಗಬೇಕಿತ್ತು, ಆಗಲಿಲ್ಲ.

ಮತ್ತೆ ಗಾಲಿಕುರ್ಚಿ. ಪರಸು ಕೋಲು ಹಿಡಿದು ಅಂಗಡಿಗೆ ಹೋಗುತ್ತಿದ್ದ. ಮೈಯಲ್ಲಿ ಒಂದು ಗಾಯವಿಲ್ಲದ ಮನುಷ್ಯ ಕುಂಟುವುದನ್ನು ನೋಡಿ ಜನ ನಾಟಕ ಎಂದರು. ಅವನು ಕೋಲು ಊರಿಕೊಂಡು ಮುಂದೆ ಹೋಗುತ್ತಿದ್ದ. ಮನೆಯಲ್ಲಿ ಅವನು "ಏನಿಲ್ಲ" ಎಂದಾಗಲೆಲ್ಲ ನಾನು ಎದ್ದು ಹೋಗಲಾಗದ್ದಕ್ಕೆ ಗಾಲಿ ತಿರುಗಿಸಿಕೊಂಡು ಗೋಡೆಗೆ ಮುಖ ಮಾಡುತ್ತಿದ್ದೆ. ಅತ್ತೆ ನಮ್ಮಿಬ್ಬರ ನಡುವೆ ತಟ್ಟೆ ಇಡುತ್ತ ಗೊಣಗುತ್ತಿದ್ದರು, "ಒಬ್ಬಾಕಿಗೆ ಕಾಲಿಲ್ಲ, ಒಬ್ಬಂವಗ ಬಾಯಿಲ್ಲ. ಯಾರಿಗಂತ ಅಳ್ಲಿ?"

ನಾನು ಬಾಗಿಲ ಚೌಕಟ್ಟಿನ ಮೇಲೆ ಒಂದು ಕೊಳವೆ ಹಾಕಿಸಿ ಜೋತು ಬೀಳತೊಡಗಿದೆ. ತೋಳು ಮತ್ತೆ ಗಟ್ಟಿಯಾಯಿತು. ಒಂದು ಭಾನುವಾರ ಹಗ್ಗದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು "ಕೆರಿ ಹಿಂದ ಕರಕೊಂಡು ನಡಿ" ಎಂದೆ. ನಾನು ತೋಳಿನ ಬಲದ ಮೇಲೆ ಹಗ್ಗ ಹತ್ತುತ್ತೇನೆ ಎಂದುಕೊಂಡು ಅವನು ಕುರ್ಚಿ ತಳ್ಳಿದ.

ಸಣ್ಣ ಬಂಡೆಯ ಹತ್ತಿರ ನಿಲ್ಲಿಸಿದೆ. ಕಲಿಯಲು ಬಂದ ಮಕ್ಕಳು ಹತ್ತುವ ಬಂಡೆ ಅದು, ಮೇಲೆ ಹಗ್ಗಕ್ಕೆ ಕೊಂಡಿ ಇದೆ. ಪರಸು ಹಿಂಬದಿಯ ಇಳಿಜಾರಿನಿಂದ ಸುತ್ತಿ ಹೋಗಿ ಅದರಲ್ಲಿ ಹಗ್ಗ ತೂರಿಸಿ ಬಂದ. ಕುರ್ಚಿಯನ್ನು ಹಿಂದಿನ ಕಲ್ಲುಗೂಟಕ್ಕೆ ಬಿಗಿಯಾಗಿ ಕಟ್ಟಿಸಿದೆ. ಹಗ್ಗ ಹಿಡಿಯುವವರ ಸೊಂಟಪಟ್ಟಿಯನ್ನು ನಾನು ಹಾಕಿಕೊಂಡು, ಹಗ್ಗದ ಇನ್ನೊಂದು ತುದಿಯನ್ನು ಅವನ ಕೈಗೆ ಕೊಟ್ಟೆ.

"ಹತ್ತು."

"ನಾನಾ? ನನಗ ಎಲ್ಲಿ ಬರ್ತೈತಿ? ನಾ ಹಗ್ಗ ಹಿಡಿಯಾಂವ."

"ಇವತ್ತು ನಾ ಹಿಡೀತೀನಿ. ಪದ್ಧತಿ ಒಂದ ಐತಿ. ಮ್ಯಾಲ ಹೋದಾಂವ ಎಲ್ಲಿ ಏನು ನೋಯ್ತೈತಿ ಅಂತ ಕೂಗಿ ಹೇಳಬೇಕು. ಹೇಳಲಿಲ್ಲಂದ್ರ ನಾ ಹಗ್ಗ ಸಡಲಿಸೂದಿಲ್ಲ. ಅಲ್ಲೇ ಜೋತಾಡ್ತಿರು."

ಅವನು ನನ್ನ ಮುಖ ನೋಡಿದ. ತಮಾಷೆಯಲ್ಲ ಎಂದು ಗೊತ್ತಾಗಿರಬೇಕು. ಹಗ್ಗದ ತುದಿಯನ್ನು ಸೊಂಟಕ್ಕೆ ಕಟ್ಟಿಕೊಂಡು, ಕೋಲನ್ನು ಕಲ್ಲಿಗೆ ಒರಗಿಸಿ ಎಡಗಾಲಿಟ್ಟ, ಕೈಗೆ ಹಿಡಿ ಹುಡುಕಿದ, ಮೇಲೆದ್ದ. ಬಲಗಾಲಿಟ್ಟಾಗ ಅವನ ಬೆನ್ನು ಸೆಟೆದುಕೊಂಡಿತು.

"ಏನಾತು?" ಎಂದೆ.

"ಏನಿಲ್ಲ."

ನಾನು ಹಗ್ಗ ಬಿಗಿಹಿಡಿದೆ. ಅವನು ಮೇಲಕ್ಕೂ ಹೋಗಲಾರ, ಕೆಳಕ್ಕೂ ಬರಲಾರ. ಕೆರೆಯ ಆಚೆ ಯಾರೋ ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು. ಅವನು ಕಲ್ಲಿಗೆ ಹಣೆ ಹಚ್ಚಿ ನಿಂತ. ನನ್ನ ಕೈ ನೋಯತೊಡಗಿತು, ನಾನು ಬಿಡಲಿಲ್ಲ.

"ಬಲಗಾಲು" ಎಂದ ಕೊನೆಗೆ, ಕಲ್ಲಿಗೆ ಹೇಳಿದಂತೆ.

"ಕೇಳ್ಸಲಿಲ್ಲ."

"ಬಲಗಾಲು! ಕೀಲು! ಒಳಗ ಗಾಜು ಹಾಕಿ ಅರದಂಗ ಆಗ್ತೈತಿ." ದನಿ ಒಡೆಯಿತು. "ದಿನಾ ಹಿಂಗ ಐತಿ ಶಾಕಿ. ನಿನ್ನ ಕಾಲಿದ್ದಾಗಿಂದ ಐತಿ. ಮಕ್ಕೊಂಡ್ರೂ ಐತಿ, ಎದ್ರೂ ಐತಿ. ನನ್ನ ಕಡೆ ಆಗೂದಿಲ್ಲ. ಇಳಸು ನನ್ನ. ಸಾಕು, ಇಳಸು."

ಅವನ ಬಾಯಲ್ಲಿ "ಆಗೂದಿಲ್ಲ" ಎಂಬ ಮಾತನ್ನು ನಾನು ಅದೇ ಮೊದಲು ಕೇಳಿದ್ದು. ನಿಧಾನವಾಗಿ ಇಳಿಸಿದೆ, ಒಮ್ಮೆಯೂ ಜಗ್ಗದಂತೆ. ಅವನು ನೆಲಕ್ಕೆ ಕೂತು, ಕಾಲು ತಬ್ಬಿಕೊಂಡು, ಸಣ್ಣ ಮಕ್ಕಳ ಹಾಗೆ ಬಾಯಿಬಿಟ್ಟು ಅತ್ತ. ಇಬ್ಬರ ನಡುವೆ ಹಗ್ಗ ಇನ್ನೂ ಕಟ್ಟಿಕೊಂಡೇ ಇತ್ತು.

"ಹಿಡದೀನಿ" ಎಂದೆ. "ಹೇಳು."

ಅವನು ಹೇಳಿದ. ಬಿಸಿಲು ನೆತ್ತಿಗೆ ಬಂದರೂ ಹೇಳುತ್ತಲೇ ಇದ್ದ, ನಾನು ಹಗ್ಗ ಹಿಡಿದು ಕೇಳುತ್ತ ಕೂತೆ.